ಕೊನೆಯ ಹದಿನಾರು ಪುಟ

ಶಿಡ್ಲಘಟ್ಟದಲ್ಲಿ, ಕೋಟೆ ಸರ್ಕಲ್ಲಿಗೆ ಹತ್ತಿರ,
ಅಪ್ಪನ ಬಾಡಿಗೆ ಪುಸ್ತಕದ ಅಂಗಡಿ.
ಹಿಂದೆಯೇ ಫಿಲೇಚರ್. ಬೇಯುವ ಗೂಡಿನ ನಾತ
ಹಾಳೆಹಾಳೆಗೂ ಹತ್ತಿ,
ಎಂಥ ಅಮೃತಶಿಲೆಯ ಬಂಗಲೆಯ ಕೊಲೆಯೂ
ನಮ್ಮಲ್ಲಿ ಬೆಂದ ಹುಳದ ವಾಸನೆಯಲ್ಲೇ ಆಗಬೇಕು.

ದಿನಕ್ಕೆ ನಾಲ್ಕಾಣೆ.
ಪತ್ತೇದಾರಿಗೆ ಕೆಂಪು ಬೈಂಡು, ಪ್ರೇಮಕ್ಕೆ ಹಸಿರು.
ಎರಡೂ ಇದ್ದರೆ
ಅಪ್ಪ ಒಂದು ಬೀಡಿಯಷ್ಟು ಹೊತ್ತು ಯೋಚಿಸಿ
ಕೆಂಪೇ ಹಾಕುತ್ತಿದ್ದ.

ಇನ್ನೂರ ಹನ್ನೆರಡು. ಕೆಂಪು.
ಉದ್ದ ಕೋಟಿನವನೊಬ್ಬ ಚಿತ್ರದಲ್ಲಿ,
ಮುಖವಿರಬೇಕಾದಲ್ಲಿ ಮಸಿ.
ಅವನು ಮಳೆಯಲ್ಲಿ ಬರುತ್ತಾನೆ, ಬರಲೇಬೇಕಲ್ಲ,
ಮಧ್ಯರಾತ್ರಿಯ ರೈಲಿಳಿದು
ವಿಧವೆ ಮೃಣಾಲಿನಿಯ ಕದ ತಟ್ಟಿ
‘ಒಂದು ರಾತ್ರಿಗೆ ಜಾಗ’ ಅನ್ನುತ್ತಾನೆ.
ಮೃಣಾಲಿನಿ ನಮ್ಮೂರಲ್ಲಿ ಯಾರಿಗೂ ಇಲ್ಲದ ಹೆಸರು.
ನಮ್ಮ ಪುಟ್ಟ ರೈಲಿಗೆ ಮಧ್ಯರಾತ್ರಿಯೂ ಇಲ್ಲ,
ಸಂಜೆ ಆರಕ್ಕೆ ಕೊನೆಯದು ಹೊರಟುಬಿಡುತ್ತಿತ್ತು.
ಆದರೂ ಅದನ್ನು ಓದಿದವರು
ಚಿಲಕ ಎರಡು ಸಲ ಮುಟ್ಟಿ ಮಲಗಿದರು.

ನೂರ ನಲವತ್ತನಾಲ್ಕನೇ ಪುಟದ ಕೊನೆ ಸಾಲು:
‘ದೀಪ ಎತ್ತಿ ಹಿಡಿದು ಅವನ ಕೈ ನೋಡಿದಳು. ಆ ಕೈಯಲ್ಲಿ’
ಅಷ್ಟೆ.
ಮುಂದೆ ಹೊಲಿಗೆಯ ದಾರ, ಒಣಗಿದ ಗೋಂದು.
ಯಾರೋ ಬ್ಲೇಡು ಹಾಕಿದ್ದರು, ನೀಟಾಗಿ, ದರ್ಜಿಯ ಹಾಗೆ.

ಅಪ್ಪ ಬಾಡಿಗೆ ನಿಲ್ಲಿಸಲಿಲ್ಲ.
ಪುಸ್ತಕ ವಾಪಸು ತಂದವರನ್ನು ಸ್ಟೂಲಿನಲ್ಲಿ ಕೂರಿಸಿ
ಮಿಕ್ಕಿದ್ದನ್ನು ಬಾಯಲ್ಲೇ ಹೇಳುತ್ತಿದ್ದ.
ರೀಲರ್ ಅಮೀರ್‌ಜಾನಿಗೆ:
ಕೈಯಲ್ಲಿ ಪಿಸ್ತೂಲು, ದೀಪದ ಹಿಂದೆ ಇವಳದೂ ಒಂದು.
ಸರ್ಕಾರಿ ಆಸ್ಪತ್ರೆಯ ಎಸ್ತರ್ ಸಿಸ್ಟರಿಗೆ:
ಕೈಯಲ್ಲಿ ಹಳೇ ಸುಟ್ಟ ಕಲೆ, ಸತ್ತನೆಂದುಕೊಂಡ ಗಂಡನೇ ಅವನು.
ಲೆಕ್ಕದ ಮೇಷ್ಟ್ರು ಪಾಪಣ್ಣನವರಿಗೆ
ಕೊಲೆಗಾರ ಅಡುಗೆಭಟ್ಟ.
‘ನೇನು ಚೆಪ್ಲೇ?’ ಎಂದು ತೊಡೆ ತಟ್ಟಿಕೊಂಡರು ಮೇಷ್ಟ್ರು.
ಊಹಿಸಿ ಬಂದವರನ್ನು ಅಪ್ಪ ಯಾವತ್ತೂ ಸೋಲಿಸಲಿಲ್ಲ.

ಕೌಂಟರಿನ ಕೆಳಗೆ ಕೂತು ನಾನು
ಕೋರಾ ಪುಸ್ತಕದಲ್ಲಿ ಬರೆದಿಟ್ಟೆ. ಒಟ್ಟು ಮೂವತ್ತೊಂದು.
ಮೃಣಾಲಿನಿ ಹನ್ನೊಂದು ಸಲ ಸತ್ತಳು,
ಆರು ಸಲ ಅವನನ್ನೇ ಕಟ್ಟಿಕೊಂಡಳು,
ಅಮ್ಮ ತೀರಿಕೊಂಡ ವರ್ಷ ಮಾತ್ರ ಒಂದು ಸಲ
ದೀಪ ಆರಿಸಿ
ಬೆಳಗಾಗುವ ತನಕ ಅವನೆದುರು ಸುಮ್ಮನೆ ಕೂತಳು.

ಅವನು ಬಂದದ್ದು ಮಟಮಟ ಮಧ್ಯಾಹ್ನ.
ಮಳೆಯಿಲ್ಲ, ಕೋಟಿಲ್ಲ.
ಗೂಡಿನ ಮಾರ್ಕೆಟ್ಟಿನ ದಲ್ಲಾಳಿ ಅಂದುಕೊಂಡೆ,
ತುಂಬುತೋಳಿನ ಅಂಗಿ, ರಾಮನಗರದ ಕಡೆಯ ಮಾತು.
ಕ್ಯಾಟಲಾಗು ಕೇಳದೆಯೇ
‘ಇನ್ನೂರ ಹನ್ನೆರಡು ಇನ್ನೂ ಇದೆಯಾ?’

ಅಪ್ಪ ಸ್ಟೂಲು ಎಳೆದ. ಶುರು ಮಾಡಿದ.
ಎಲ್ಲಾ ಕೇಳಿಸಿಕೊಂಡು, ನಗದೆ,
ಅವನು ಒಂದು ಲಕೋಟೆ ಇಟ್ಟ.
‘ಹನ್ನೆರಡು ವರ್ಷದ ಬಾಡಿಗೆ ಎಷ್ಟಾಗುತ್ತೆ?’
ಅಪ್ಪ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ.
‘ಕೊನೆಗೆ ಬಾಡಿಗೆ ಇಲ್ಲ ಸ್ವಾಮಿ.’

ಐದು ಗಂಟೆಗೆ ಎಸ್ತರ್ ಸಿಸ್ಟರ್, ಡ್ಯೂಟಿಯ ಬಿಳಿ ಸೀರೆ.
ಮಾತಿಗೆ ಮಾತು ಬಂದು ನಾನೇ ಹೇಳಿದೆ.
ಸಿಸ್ಟರ್ ಕೌಂಟರ್ ಹಿಡಿದುಕೊಂಡರು.
‘ಕೈ?
ಕೈ ನೋಡಿದೆಯಾ?’

ಮೂವತ್ತೊಂದು ಕೊನೆ ಬರೆದವಳು
ನೋಡಿರಲಿಲ್ಲ. ಲಕೋಟೆಯನ್ನೇ ನೋಡುತ್ತಿದ್ದೆ.

ಇನ್ನೂರ ಹನ್ನೆರಡನ್ನು ಎದೆಗವಚಿ
ಸ್ಟೇಷನ್ನಿನ ಕಡೆ ಓಡಿದರು ಎಂದ ಅಮೀರ್‌ಜಾನ್.
ಓಡಲಿಲ್ಲ, ನಡೆದರು ಅನ್ನುತ್ತಾರೆ ಮೇಷ್ಟ್ರು,
ಈಗಲೂ, ಹಲ್ಲಿಲ್ಲದ ಬಾಯಲ್ಲಿ.
ರೈಲು ಮಾಮೂಲಿನಂತೆ ಕೂಗಿತು.
ವಾರಕ್ಕೆ ಆಸ್ಪತ್ರೆಗೆ ಬೇರೆ ನರ್ಸು ಬಂದಳು.
ಲೆಡ್ಜರಿನಲ್ಲಿ ಅಪ್ಪನ ಅಕ್ಷರ:
೨೧೨, ಎಸ್ತರ್, ಬಾಕಿ.

ಅಂಗಡಿಯಿಲ್ಲ, ಪುಟ್ಟ ರೈಲೂ ಇಲ್ಲ.
ಕತೆ ಹೊರಟುಹೋಗಿ
ನನ್ನ ಹತ್ತಿರ ಬರೀ ಕೊನೆ ಉಳಿದಿದೆ,
ಅಂಟು ಬಿಡಿಸದ ಲಕೋಟೆಯಲ್ಲಿ.
ಮಳೆಗಾಲದಲ್ಲಿ ಒಮ್ಮೊಮ್ಮೆ ತೆಗೆದು ಮೂಸುತ್ತೇನೆ.
ಗೂಡಿನ ನಾತವಿಲ್ಲ.
ನುಸಿಗುಳಿಗೆ, ಕಬ್ಬಿಣದ ಟ್ರಂಕು,
ನಾನು ಕಾಣದ ಯಾವುದೋ ಊರಿನ ಕೋಣೆ.